ಬದಲಾದ ಆಕಾಶ, ಮರೆಯಾದ ಮಂಜು

ಸಕಲೇಶಪುರದ ಸಮೀಪ, ಸಮುದ್ರಮಟ್ಟದಿಂದ ಸುಮಾರು 3240 ಅಡಿ ಎತ್ತರದ ಗುಡ್ಡದ ಮೇಲೆ ಟಿಪ್ಪು ಸುಲ್ತಾನ್ ಕಟ್ಟಿಸಿದ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯಿದೆ. 1792ರಲ್ಲಿ ಪೂರ್ಣಗೊಂಡ ಈ ಕೋಟೆಯನ್ನು ನೋಡಲು ಸುಲ್ತಾನರು ಬಂದಾಗ ಸುತ್ತಲೂ ಮಂಜು ಕವಿದಿತ್ತು, ಆದ್ದರಿಂದಲೇ ಅದಕ್ಕೆ ಮಂಜರಾಬಾದ್ ಎಂಬ ಹೆಸರು ಬಂತು ಎಂದು ಜನ ಹೇಳುತ್ತಾರೆ. ಇದನ್ನು ಐತಿಹ್ಯವೆಂದೇ ಎಣಿಸಿದರೂ ಆ ಬೆಟ್ಟವನ್ನು ಬಲ್ಲ ಯಾರೂ ಇದನ್ನು ಸುಳ್ಳೆನ್ನಲಾರರು. ಹಾಗಿರುವಾಗ, ನಾವಿಂದು ನೋಡುವ ಮಂಜರಾಬಾದಿನ ಎಷ್ಟೋ ಫೋಟೋಗಳಲ್ಲಿ ಮಂಜೇ ಇಲ್ಲದಿರುವುದೇಕೆ? ಮಳೆಗಾಲದ ಹಸಿರಿನ ಮೇಲೆ ಬೇಸಿಗೆಯ ನೀಲಿ ಆಕಾಶ ಬಂದು ಕೂತಿರುವುದೇಕೆ?

ಕಂಪ್ಯೂಟರಿನಲ್ಲಿ ಆಕಾಶ ಬದಲಿಸುವುದು ಈಗ ಮಕ್ಕಳಾಟ. 1990ರಲ್ಲಿ ಫೋಟೋಶಾಪ್ ಬಂದ ಮೇಲೂ ಬಹುಕಾಲ ಇದು ತಾಳ್ಮೆ ಬೇಡುವ ಕೆಲಸವಾಗಿತ್ತು. ಮರದ ಎಲೆ ಎಲೆಗಳ ನಡುವಿನಿಂದ ಹಳೆಯ ಆಕಾಶವನ್ನು ಕತ್ತರಿಸಿ ತೆಗೆಯಬೇಕಿತ್ತು. 2020ರಲ್ಲಿ ಅದೇ ತಂತ್ರಾಂಶದಲ್ಲಿ ಆಕಾಶ ಬದಲಿಸಲೆಂದೇ ಒಂದು ಸೌಲಭ್ಯ ಸೇರಿತು. ಆಕಾಶ ಯಾವುದು, ಬೆಟ್ಟ ಯಾವುದು ಎಂಬುದನ್ನು ಯಂತ್ರವೇ ಗುರುತಿಸುತ್ತದೆ. ಹೊಸ ಆಕಾಶಕ್ಕೆ ಹೊಂದುವಂತೆ ನೆಲದ ಬಣ್ಣವನ್ನೂ ತಿದ್ದುತ್ತದೆ.

ಆದರೆ ಇದು ನಮ್ಮ ಕಾಲದ ಚಾಳಿಯೆಂದು ಭಾವಿಸುವುದು ತಪ್ಪಾದೀತು. ಛಾಯಾಗ್ರಹಣದ ಆರಂಭದ ದಶಕಗಳಲ್ಲಿ ನೆಗೆಟಿವ್‌ಗೆ ಬಳಸುತ್ತಿದ್ದ ರಾಸಾಯನಿಕಗಳು ನೀಲಿ ಬೆಳಕಿಗೆ ಬಹು ಬೇಗ ಸ್ಪಂದಿಸುತ್ತಿದ್ದವು. ನೆಲದ ವಿವರ ಮೂಡುವಷ್ಟರಲ್ಲಿ ಆಕಾಶದ ಮೋಡಗಳೆಲ್ಲ ಅಳಿಸಿಹೋಗಿ ಬರಿಯ ಬಿಳುಪು ಉಳಿಯುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು, ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿ ಹೆಸರಾದ.

ಈ ಕಥೆಗೆ ಹಾಸನ ಜಿಲ್ಲೆಯ ನಂಟೂ ಇದೆ. ಮದ್ರಾಸ್ ಸೇನೆಯ ಅಧಿಕಾರಿ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ದೇವಾಲಯಗಳ ಫೋಟೋ ತೆಗೆದ. ಮರುವರ್ಷ ಬರ್ಮಾಕ್ಕೆ ಹೋದ ಈತನೇ ಅಲ್ಲಿ ತೆಗೆದ ಕಾಗದದ ನೆಗೆಟಿವ್‌ಗಳ ಮೇಲೆ ಬಣ್ಣ ಹಚ್ಚಿ, ಖಾಲಿ ಆಕಾಶದಲ್ಲಿ ಮೋಡಗಳನ್ನು ಮೂಡಿಸಿದ. ಕ್ಯಾಮರಾ ಹಿಡಿಯಲಾರದೆ ಹೋದುದನ್ನು ಕೈ ತುಂಬಿಕೊಟ್ಟಿತು.

ಅಂದಿಗೂ ಇಂದಿಗೂ ಇರುವ ವ್ಯತ್ಯಾಸ ಇಲ್ಲಿದೆ. ಅವರು ಮೋಡವಿಲ್ಲದೆಡೆ ಮೋಡ ಇಟ್ಟರು, ಏಕೆಂದರೆ ಅವರ ಕ್ಯಾಮರಾ ಕುರುಡಾಗಿತ್ತು. ನಾವು ಇರುವ ಮೋಡವನ್ನು ತೆಗೆಯುತ್ತೇವೆ, ಏಕೆಂದರೆ ಅದು ನಮಗೆ ಹಿಡಿಸುವುದಿಲ್ಲ. ಅಂದಿನದು ಉಪಕರಣದ ಕೊರತೆ, ಇಂದಿನದು ಅಭಿರುಚಿಯ ಕೊರತೆ.

'ಮಂಕು ಆಕಾಶ' ಎಂಬ ಮಾತನ್ನೇ ಕೊಂಚ ಪರೀಕ್ಷಿಸೋಣ. ಯಾರಿಗೆ ಮಂಕು? ಮಾರ್ಚ್ ತಿಂಗಳಲ್ಲಿ ಸಕಲೇಶಪುರ, ಆಲೂರು ಕಡೆಯ ಕಾಫಿ ಬೆಳೆಗಾರ ಹೂಮಳೆಗಾಗಿ ಆಕಾಶ ನೋಡುತ್ತಿರುತ್ತಾನೆ. ಅವನ ಪಾಲಿಗೆ ಶುಭ್ರ ನೀಲಿ ಚಿಂತೆಯ ಬಣ್ಣ, ಕವಿಯುವ ಮೋಡ ಭರವಸೆಯ ಬಣ್ಣ. ಅದೇ ಮೋಡ 2018ರ ಆಗಸ್ಟಿನಲ್ಲಿ ಸುರಿದಾಗ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ರೈಲುಮಾರ್ಗವೂ ಮುಚ್ಚಿದವು. ಆ ದಿನಗಳ ಒಂದು ಫೋಟೋದಲ್ಲಿ ಆಕಾಶ ಬದಲಿಸಿದರೆ, ಕುಸಿದ ಗುಡ್ಡ ಉಳಿಯುತ್ತದೆ, ಕುಸಿತದ ಕಾರಣ ಅಳಿಯುತ್ತದೆ.

ಹೇಮಾವತಿ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಪಾಳು ಇಗರ್ಜಿಯೂ ಹಾಗೆಯೇ. ಜಲಾಶಯ ತುಂಬಿದಾಗ ಅದು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ನೆಲದ ಮೇಲೆ ನಿಲ್ಲುತ್ತದೆ. ಮಳೆಗಾಲದ ನೀರಿಗೆ ಬೇಸಿಗೆಯ ಆಕಾಶ ಹೊಂದಿಸಿದ ಚಿತ್ರ ಯಾವ ಋತುವಿನದೂ ಅಲ್ಲ. ಐವತ್ತು ವರ್ಷಗಳ ನಂತರ ಅದನ್ನು ನೋಡುವವನು ಮಳೆಯ ಬಗ್ಗೆ, ನೀರಿನ ಮಟ್ಟದ ಬಗ್ಗೆ ಏನೆಂದು ತಿಳಿದಾನು?

ಮದುವೆಯ ಆಲ್ಬಂಗೆ, ಗೋಡೆಯ ಕ್ಯಾಲೆಂಡರಿಗೆ ಯಾರು ಯಾವ ಆಕಾಶವನ್ನಾದರೂ ಜೋಡಿಸಿಕೊಳ್ಳಲಿ, ನಮ್ಮ ತಕರಾರಿಲ್ಲ. ಆದರೆ ಊರಿನ ಚಿತ್ರ, ಕೋಟೆಯ ಚಿತ್ರ, ನೆರೆಯ ಚಿತ್ರ ನಾಳೆಯ ಇತಿಹಾಸಕ್ಕೆ ಸಾಕ್ಷಿಯಾಗುವಂಥವು. ಅವುಗಳನ್ನು ತಿದ್ದಿದರೆ ತಿದ್ದಿದ್ದೇವೆಂದು ಅಡಿಯಲ್ಲಿ ಬರೆಯೋಣ. ಮೂಲ ಪ್ರತಿಯನ್ನು ದಿನಾಂಕ ಸಮೇತ ಕಾಪಾಡೋಣ. ಟಿಪ್ಪುವಿನ ಹೆಸರು ಹೊತ್ತ ಸ್ಮಾರಕಗಳ ಸುತ್ತ ಬೇಕಾದವರು ಬೇಕಾದ ಬಣ್ಣ ಬಳಿಯುತ್ತಿರುವ ಈ ಕಾಲದಲ್ಲಿ, ಕನಿಷ್ಠ ಆಕಾಶವನ್ನಾದರೂ ಅದರ ಪಾಡಿಗೆ ಬಿಡೋಣ. ಮಂಜು ತೆಗೆದ ಮೇಲೆ ಮಂಜರಾಬಾದ್ ಎಂಬ ಹೆಸರಿಗೆ ಅರ್ಥವೆಲ್ಲಿ?