ಸುರಪುರದ ಟೇಲರ್ ಸಾಹೇಬ: ಸಾಕಿ ಬೆಳೆಸಿದ ರಾಜನೇ ಬ್ರಿಟಿಷರ ವಿರುದ್ಧ ಬಂಡೆದ್ದಾಗ

ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೋದವರಿಗೆ ಗುಡ್ಡದ ಮೇಲಿನ ಒಂದು ಹಳೆಯ ಬಂಗಲೆಯನ್ನು ಊರಿನವರು ತೋರಿಸುತ್ತಾರೆ. ಹೆಸರು 'ಟೇಲರ್ ಮಂಜಿಲ್'. 1857-58ರ ಸಂಗ್ರಾಮದಲ್ಲಿ ಪ್ರಾಣ ಕಳೆದುಕೊಂಡ ರಾಜಾ ವೆಂಕಟಪ್ಪ ನಾಯಕನನ್ನು ಇಂದಿಗೂ ಹೆಮ್ಮೆಯಿಂದ ನೆನೆಯುವ ಊರು ಇದು. ಅದೇ ಊರಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿಯ ಹೆಸರೂ ಉಳಿದುಕೊಂಡಿದೆ. ಇದರ ಹಿಂದೆ ಒಂದು ಸಂಕಟದ ಕಥೆಯಿದೆ.

ಅವರ ಪೂರ್ಣ ಹೆಸರು ಫಿಲಿಪ್ ಮೆಡೋಸ್ ಟೇಲರ್. ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಸೈನಿಕ, ಆಡಳಿತಗಾರ, ಕಾದಂಬರಿಕಾರ, ಪತ್ರಿಕೆಯ ಬಾತ್ಮೀದಾರ, ಪುರಾತತ್ವ ಶೋಧಕ ಎಲ್ಲವೂ ಆಗಿದ್ದ ಈ ಮನುಷ್ಯ ಭಾರತಕ್ಕೆ ಬಂದದ್ದು ಮಾತ್ರ ಗುಮಾಸ್ತಿಕೆಗೆ.

ಮುಂಬೈಯಲ್ಲಿ ಕೈಕೊಟ್ಟ ನೌಕರಿ

1824ರಲ್ಲಿ ಟೇಲರ್ ಮುಂಬೈ ಬಂದರಿನಲ್ಲಿ ಇಳಿದಾಗ ವಯಸ್ಸು ಇನ್ನೂ 16 ತುಂಬಿರಲಿಲ್ಲ. ಬ್ಯಾಕ್ಸ್‌ಟರ್ ಎಂಬ ವ್ಯಾಪಾರಿಯ ಕೋಠಿಯಲ್ಲಿ ಕೆಲಸ, ಮುಂದೆ ಪಾಲುದಾರಿಕೆ ಎಂಬ ಆಸೆ ತೋರಿಸಿ ಹುಡುಗನನ್ನು ಕಳುಹಿಸಲಾಗಿತ್ತು. ಬಂದು ನೋಡಿದರೆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಮುಂಬೈ ಸರ್ಕಾರದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಬಂಧುವೊಬ್ಬರ ನೆರವಿನಿಂದ ಹೈದರಾಬಾದ್ ನಿಜಾಮರ ಸೇನೆಯಲ್ಲಿ ಅಧಿಕಾರಿಯ ಕೆಲಸ ಸಿಕ್ಕಿತು.

ಇಲ್ಲೊಂದು ವಿಷಯ ಗಮನಿಸಬೇಕು. ಟೇಲರ್ ಈಸ್ಟ್ ಇಂಡಿಯಾ ಕಂಪನಿಯ ನೇರ ನೌಕರರಾಗಿರಲಿಲ್ಲ. ಕಂಪನಿಯ ಅಧಿಕಾರಿಗಳಿಗೆ ಸಿಗುತ್ತಿದ್ದ ಬಡ್ತಿ, ಸವಲತ್ತು, ಮರ್ಯಾದೆ ನಿಜಾಮರ ಸೇವೆಯಲ್ಲಿದ್ದವರಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಈ ಕೊರಗು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಆದರೆ ಅದೇ ಕಾರಣಕ್ಕೆ ಜನರ ನಡುವೆ ಬೆರೆತು ಬದುಕಿದರು, ದೇಶಭಾಷೆಗಳನ್ನು ಕಲಿತರು. 1832ರಲ್ಲಿ ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನು ಮದುವೆಯಾದರು. ಪಾಮರ್ ಅವರ ತಾಯಿ ಭಾರತೀಯರು.

ಠಕ್ಕರ ಕಥೆ ಹೇಳಿ ಹೆಸರಾದರು

ತುಳಜಾಪುರ, ನಳದುರ್ಗದ ಸೀಮೆಯಲ್ಲಿ ಪೊಲೀಸ್ ಜವಾಬ್ದಾರಿ ಹೊತ್ತಿದ್ದಾಗ ದಾರಿಹೋಕರು ನಿಗೂಢವಾಗಿ ಕೊಲೆಯಾಗುತ್ತಿದ್ದ ಸುದ್ದಿಗಳು ಟೇಲರ್ ಕಿವಿಗೆ ಬಿದ್ದವು. ಬೆನ್ನು ಹತ್ತುವಷ್ಟರಲ್ಲಿ ಸೇನೆಯ ಕೆಲಸಕ್ಕೆ ವಾಪಸ್ ಕರೆಸಿಕೊಳ್ಳಲಾಯಿತು. ಠಕ್ಕರ ಜಾಲ ಬಯಲಿಗೆಳೆದ ಕೀರ್ತಿ ಸ್ಲೀಮನ್ ಪಾಲಾಯಿತು. ನಂತರ ಸಿಕ್ಕಿಬಿದ್ದ ಠಕ್ಕರು ಕೊಟ್ಟ ಹೇಳಿಕೆಗಳನ್ನು ಹತ್ತಿರದಿಂದ ಕೇಳಿದ ಟೇಲರ್, ಅಮೀರ್ ಅಲಿ ಎಂಬ ಪಾತ್ರದ ಬಾಯಲ್ಲಿ ಆ ಕಥೆಯನ್ನು ಹೇಳಿಸಿದರು. 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ 'ಕನ್ಫೆಷನ್ಸ್ ಆಫ್ ಎ ಥಗ್' ಭಾರೀ ಜನಪ್ರಿಯವಾಯಿತು. ವಿಕ್ಟೋರಿಯಾ ರಾಣಿಯೇ ಅಚ್ಚಿನ ಹಾಳೆಗಳನ್ನು ಮೊದಲೇ ತರಿಸಿಕೊಂಡು ಓದಿದರು ಎನ್ನಲಾಗುತ್ತದೆ. ಮರುವರ್ಷ ಟಿಪ್ಪು ಸುಲ್ತಾನನ ಮೇಲಿನ ಕಾದಂಬರಿ ಬಂತು. ಭಾರತದ ಬಗ್ಗೆ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ವರ್ಷಗಟ್ಟಲೆ ಬರೆದವರೂ ಇವರೇ.

ಸುರಪುರಕ್ಕೆ ಬಂದ 'ಅಪ್ಪಾ'

ಸುರಪುರ ಬೇಡ ನಾಯಕರ ಸಂಸ್ಥಾನ. 1705ರಲ್ಲಿ ವಾಗಿನಗೇರಿ ಕೋಟೆಯ ಮುಂದೆ ಔರಂಗಜೇಬನಿಗೇ ಬೆವರಿಳಿಸಿದ ಮನೆತನ ಇದು. ಆದರೆ 1840ರ ಹೊತ್ತಿಗೆ ನಿಜಾಮರಿಗೆ ಕೊಡಬೇಕಾದ ಬಾಕಿ ಬೆಟ್ಟದಷ್ಟಾಗಿತ್ತು, ಒಳಜಗಳವೂ ಜೋರಾಗಿತ್ತು. 1841ರಲ್ಲಿ ಟೇಲರ್ ಅವರನ್ನು ಇಲ್ಲಿಗೆ ಕಳುಹಿಸಲಾಯಿತು. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಉತ್ತರಾಧಿಕಾರಿ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಬಾಲಕ. ತಾಯಿ ರಾಣಿ ಈಶ್ವರಮ್ಮ ಹಟಗಾರ್ತಿ, ಚತುರೆ. ಹೊರಗಿನ ಅಧಿಕಾರಿಯ ಕೈಗೆ ರಾಜ್ಯ ಬಿಟ್ಟುಕೊಡಲು ಅವರು ಸುಲಭಕ್ಕೆ ಒಪ್ಪಲಿಲ್ಲ. ಇಬ್ಬರ ನಡುವೆ ವರ್ಷಗಟ್ಟಲೆ ತಿಕ್ಕಾಟ ನಡೆಯಿತು. ಸಂಸ್ಥಾನದ ಆಡಳಿತ ಕೊನೆಗೆ ಟೇಲರ್ ಕೈ ಸೇರಿತು.

ಮುಂದಿನ ವರ್ಷಗಳಲ್ಲಿ ಕಂದಾಯ ಸರಿಹೋಯಿತು, ರಸ್ತೆಗಳಾದವು, ಕೆರೆಗಳು ದುರಸ್ತಿಯಾದವು. ಬೋನಾಳ ಕೆರೆಯ ಅಭಿವೃದ್ಧಿಯಲ್ಲೂ ಅವರ ಪಾಲಿದೆ. ಜನರ ನಾಲಿಗೆಯಲ್ಲಿ 'ಮೆಡೋಸ್' ಹೋಗಿ 'ಮಹಾದೇವ ಬಾಬಾ' ಆಯಿತು. ಬಾಲಕ ರಾಜ ಅವರನ್ನು ಕರೆಯುತ್ತಿದ್ದುದು 'ಅಪ್ಪಾ' ಎಂದೇ. 1844ರಲ್ಲಿ ಪತ್ನಿ ಮೇರಿ ತೀರಿಕೊಂಡ ಮೇಲೆ ಟೇಲರ್‌ಗೆ ಸುರಪುರವೇ ಮನೆಯಾಯಿತು.

ಆದರೂ ಒಂದು ಮಾತು ಹೇಳಲೇಬೇಕು. ಟೇಲರ್ ಎಷ್ಟೇ ಒಳ್ಳೆಯವರಾಗಿದ್ದರೂ ಬ್ರಿಟಿಷ್ ಹಿತ ಕಾಯಲು ಬಂದವರು. ಸುರಪುರದ ಸ್ವಾತಂತ್ರ್ಯ ಕುಗ್ಗಿದ್ದೂ ಇದೇ ಕಾಲದಲ್ಲಿ.

1858: ರುಕ್ಮಾಪುರದ ರಾತ್ರಿ

1853ರಲ್ಲಿ ಯುವಕ ರಾಜನಿಗೆ ಅಧಿಕಾರ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದರು. ಅದೇ ವರ್ಷ ನಿಜಾಮರು ಬೀರಾರ್, ರಾಯಚೂರು ದೋಆಬ್, ನಳದುರ್ಗ ಸೀಮೆಗಳನ್ನು ಕಂಪನಿಗೆ ಒಪ್ಪಿಸಿದ್ದರು. 1857ರಲ್ಲಿ ಉತ್ತರ ಭಾರತ ಹೊತ್ತಿ ಉರಿಯುವಾಗ ಟೇಲರ್ ಅವರನ್ನು ಬೀರಾರ್‌ಗೆ ಕಳುಹಿಸಲಾಯಿತು, ಅದೂ ಸೇನೆಯ ಬೆಂಬಲವಿಲ್ಲದೆ.

ಕನ್ನಡ ನಾಡಿನಲ್ಲೂ ಕಿಡಿ ಹಾರಿತ್ತು. ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಸಿಡಿದೆದ್ದರು. ನರಗುಂದದ ಬಾಬಾಸಾಹೇಬ, ಮುಂಡರಗಿ ಭೀಮರಾಯ ಒಳಗೊಳಗೇ ಸಿದ್ಧರಾಗುತ್ತಿದ್ದರು. ಸುರಪುರದ ರಾಜನ ಮೇಲೂ ಬ್ರಿಟಿಷರ ಕಣ್ಣು ಬಿತ್ತು. 1858ರ ಜನವರಿಯಲ್ಲಿ ಕ್ಯಾಂಪ್‌ಬೆಲ್ ಎಂಬ ಅಧಿಕಾರಿ ಬಂದ. ಫೆಬ್ರವರಿಯಲ್ಲಿ ರುಕ್ಮಾಪುರದ ಬಳಿ ಬಿಡಾರ ಹೂಡಿದ್ದ ಬ್ರಿಟಿಷ್ ತುಕಡಿಯ ಮೇಲೆ ರಾತ್ರೋರಾತ್ರಿ ದಾಳಿ ನಡೆಯಿತು. ಮರುದಿನದ ಕದನದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಹೆಚ್ಚಿನ ಸೇನೆ ಬರುತ್ತಿದೆ ಎಂದು ತಿಳಿದು ರಾಜ ಊರು ಬಿಟ್ಟು ಹೈದರಾಬಾದ್ ಸೇರಿದ. ಅಲ್ಲಿ ದಿವಾನ ಸಾಲಾರ್ ಜಂಗ್ ಅವನನ್ನು ಬ್ರಿಟಿಷರಿಗೆ ಒಪ್ಪಿಸಿದ.

ಸುರಪುರವನ್ನು ಸಂಭಾಳಿಸಲು ಮತ್ತೆ ಕಳುಹಿಸಿದ್ದು ಟೇಲರ್ ಅವರನ್ನೇ. ಸೆರೆಮನೆಯಲ್ಲಿ ಇಬ್ಬರ ಭೇಟಿಯಾಯಿತು. ಟೇಲರ್ ಆತ್ಮಕಥೆಯ ಪ್ರಕಾರ, ರಾಜ ಪ್ರಾಣಭಿಕ್ಷೆ ಬೇಡಲಿಲ್ಲ. ಬೇಡಿದರೆ ತನ್ನ ಬೇಡ ಪಡೆಯೇ ತನ್ನನ್ನು ಕೀಳಾಗಿ ನೋಡುತ್ತದೆ ಎಂದ. ಕಳ್ಳನಂತೆ ನೇಣಿಗೇರಿಸಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದ.

ಮರಣದಂಡನೆ ಮೊದಲು ಗಡೀಪಾರಿಗೆ, ನಂತರ ಚೆಂಗಲ್‌ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಯಿತು. ರಾಜನ ಜಾತಕದಲ್ಲಿ 24ನೇ ವರ್ಷಕ್ಕೆ ಸಾವು ಎಂದು ಬರೆದಿದೆಯೆಂಬ ಗುಟ್ಟನ್ನು ರಾಣಿ ಈಶ್ವರಮ್ಮ ಹಿಂದೆ ಟೇಲರ್‌ಗೆ ಹೇಳಿದ್ದರು. ಶಿಕ್ಷೆ ಕಡಿಮೆಯಾದಾಗ ಜಾತಕ ಸುಳ್ಳಾಯಿತೆಂದು ಟೇಲರ್ ಹಿಗ್ಗಿದರು. ಆದರೆ ಚೆಂಗಲ್‌ಪಟ್ಟಿನ ದಾರಿ ಹಿಡಿದ ಮೊದಲ ಮಜಲಿನಲ್ಲೇ, 1858ರ ಮೇ ತಿಂಗಳಲ್ಲಿ, ಕಾವಲು ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಬಲಿಯಾದ. ತಾನೇ ಹೊಡೆದುಕೊಂಡ ಎನ್ನುತ್ತದೆ ಬ್ರಿಟಿಷ್ ದಾಖಲೆ. ಈ ಕೊನೆಯ ದಿನಗಳ ಬಗ್ಗೆ ನಮಗೆ ಸಿಗುವ ವಿವರದಲ್ಲಿ ಬಹುಪಾಲು ಟೇಲರ್ ಹೇಳಿದ್ದೇ. ರಾಜನ ಕಡೆಯ ಮಾತು ಕಾಗದದ ಮೇಲೆ ಉಳಿದಿಲ್ಲ ಎಂಬುದನ್ನು ಓದುವಾಗ ಮರೆಯಬಾರದು.

1860ರಲ್ಲಿ ಸುರಪುರವನ್ನು ಬ್ರಿಟಿಷರು ನಿಜಾಮರಿಗೆ ಬಳುವಳಿಯಾಗಿ ಕೊಟ್ಟರು. ಸಂಸ್ಥಾನ ಅಲ್ಲಿಗೆ ಮುಗಿಯಿತು. ಅದೇ ವರ್ಷ ಆರೋಗ್ಯ ಕೆಟ್ಟು ಟೇಲರ್ ಸ್ವದೇಶಕ್ಕೆ ಮರಳಿದರು.

ಕಲ್ಲುಗಳ ನಡುವೆ ಹುಡುಕಾಟ

ಟೇಲರ್ ಅವರ ಇನ್ನೊಂದು ಕೆಲಸ ವಿದ್ವಾಂಸರಿಗಷ್ಟೇ ಗೊತ್ತು. ಸುರಪುರ ಸೀಮೆಯ ರಾಜನಕೋಳೂರು, ವಿಭೂತಿಹಳ್ಳಿ, ಜೇವರ್ಗಿಗಳಲ್ಲಿ ಹರಡಿಕೊಂಡಿದ್ದ ಬೃಹತ್ ಶಿಲಾ ಸಮಾಧಿಗಳನ್ನು ಅವರು ಗುರುತಿಸಿ, ಕೆಲವನ್ನು ಅಗೆಸಿ, ಮಣ್ಣಿನ ಪದರಗಳ ಸಮೇತ ಅಡ್ಡಛೇದದ ಚಿತ್ರ ಬರೆದರು. 1850ರ ದಶಕದಲ್ಲಿ ಮುಂಬೈಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಬರಹಗಳು ಬಂದವು. ಆ ಕಾಲದಲ್ಲಿ ಬಹುತೇಕರು ಸಮಾಧಿ ಅಗೆಯುತ್ತಿದ್ದುದು ಒಳಗಿನ ವಸ್ತುಗಳಿಗಾಗಿ. ಪದರಗಳನ್ನು ದಾಖಲಿಸಿದ ಟೇಲರ್ ಶ್ರದ್ಧೆಯನ್ನು ನೂರು ವರ್ಷದ ಬಳಿಕ ಮಾರ್ಟಿಮರ್ ವೀಲರ್ ಮೆಚ್ಚಿಕೊಂಡರು. ಇಂಗ್ಲೆಂಡಿನ ಶಿಲಾವೃತ್ತಗಳನ್ನು ಕಟ್ಟಿದ ಜನರೇ ಇಲ್ಲಿಗೂ ಬಂದಿರಬಹುದು ಎಂಬ ಅವರ ಊಹೆಯನ್ನು ಮಾತ್ರ ಈಗ ಯಾರೂ ಒಪ್ಪುವುದಿಲ್ಲ.

ನಿವೃತ್ತಿಯ ನಂತರ 1657, 1757, 1857ನೇ ಇಸವಿಗಳ ಸುತ್ತ ಹೆಣೆದ 'ತಾರಾ', 'ರಾಲ್ಫ್ ಡಾರ್ನೆಲ್', 'ಸೀತಾ' ಕಾದಂಬರಿಗಳನ್ನು ಬರೆದರು. ಬಿಜಾಪುರ ಮತ್ತು ಧಾರವಾಡ-ಮೈಸೂರಿನ ವಾಸ್ತುಶಿಲ್ಪದ ಛಾಯಾಚಿತ್ರ ಸಂಪುಟಗಳಿಗೆ 1866ರಲ್ಲಿ ಐತಿಹಾಸಿಕ ಟಿಪ್ಪಣಿ ಕೊಟ್ಟರು. 1875ರಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದಾಗ ಜ್ವರ ಹಿಡಿಯಿತು. ಊರಿಗೆ ಮರಳುವ ದಾರಿಯಲ್ಲಿ, 1876ರ ಮೇ 13ರಂದು ಫ್ರಾನ್ಸಿನ ಮೆಂಟನ್‌ನಲ್ಲಿ ಕೊನೆಯುಸಿರೆಳೆದರು. ಆತ್ಮಕಥೆಯನ್ನು ಮಗಳು ಆಲಿಸ್ ಮರುವರ್ಷ ಹೊರತಂದರು.

ಬೋನಾಳ ಕೆರೆ ಈಗ ಪಕ್ಷಿಧಾಮ. ಸುರಪುರದಿಂದ ಸುಮಾರು 10 ಕಿ.ಮೀ. ದೂರದ ಅಲ್ಲಿಗೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ರಾಜನಕೋಳೂರಿನ ಕಲ್ಲುಮನೆಗಳನ್ನೂ ಅದೇ ಪ್ರವಾಸದಲ್ಲಿ ನೋಡಿ ಬರಬಹುದು.