ಮೇಲ್ಮೈಗಳ ನಡುವಿನ ಸಂದು: ಕ್ಯಾಡ್ ದುರಸ್ತಿ ನಡೆದುಬಂದ ದಾರಿ

ಪರದೆಯ ಮೇಲೆ ಕಾರಿನ ಬಾನೆಟ್ ಎಷ್ಟೇ ನುಣುಪಾಗಿ ಹೊಳೆದರೂ ಅದರ ಕ್ಯಾಡ್ ಮಾದರಿಯಲ್ಲಿ ಕಣ್ಣಿಗೆ ಬೀಳದ ಸಂದುಗಳಿರಬಹುದು. ಅಕ್ಕಪಕ್ಕದ ಎರಡು ಮೇಲ್ಮೈಗಳ ಅಂಚುಗಳು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ದೂರ ಉಳಿದರೂ ಸಾಕು, ತಂತ್ರಾಂಶ ಆ ಮಾದರಿಯನ್ನು ಘನವಸ್ತುವೆಂದು ಒಪ್ಪದೇ ಹೋಗಬಹುದು. ಘನವಾಗದ ಮಾದರಿಯ ತೂಕ ನಂಬುವಂತಿಲ್ಲ, ಒತ್ತಡದ ವಿಶ್ಲೇಷಣೆಯೂ ಮುಂದೆ ಸಾಗದು. ಸಂದು ಕಂಡಾಗಲೆಲ್ಲ ಮಾದರಿ ಮಾಡಿದವರ ಕೈಚಳಕ ಸಾಲದೆಂದು ದೂರುವುದು ರೂಢಿ. ಆದರೆ ಈ ಕ್ಷೇತ್ರದ ಚರಿತ್ರೆ ನೋಡಿದರೆ ದೋಷದ ಬೇರು ಗಣಿತದಲ್ಲೇ ಇದೆ.

ವಕ್ರ ಮೇಲ್ಮೈಗಳನ್ನು ಸೂತ್ರಗಳಲ್ಲಿ ಹಿಡಿಯುವ ಕೆಲಸದ ಒಂದು ಮುಖ್ಯ ಹೆಜ್ಜೆ ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ ನಡೆಯಿತು. 1959ರಲ್ಲಿ ಸಿಟ್ರೋಯೆನ್‌ನ ಪಾಲ್ ದ ಕಾಸ್ತೆಲ್ಜೊ, ಕೆಲವೇ ವರ್ಷಗಳ ನಂತರ ರೆನೋದ ಪಿಯರ್ ಬೆಜಿಯೆ ಒಂದೇ ಗಣಿತವನ್ನು ಬೇರೆ ಬೇರೆಯಾಗಿ ಕಂಡುಕೊಂಡರು. ಸಿಟ್ರೋಯೆನ್ ಗುಟ್ಟು ಬಿಟ್ಟುಕೊಡದ ಕಾರಣ ಹೆಸರು ಬೆಜಿಯೆಯದಾಯಿತು. 1967ರಲ್ಲಿ ಎಂಐಟಿಯ ಸ್ಟೀವನ್ ಕೂನ್ಸ್, ನಾಲ್ಕು ಅಂಚುಗೆರೆಗಳನ್ನು ಕೊಟ್ಟರೆ ನಡುವಿನ ಜಾಗ ತುಂಬುವ ಮೇಲ್ಮೈಯನ್ನು ಲೆಕ್ಕ ಹಾಕುವ ವಿಧಾನ ವಿವರಿಸಿದರು. ನಾಲ್ಕಂಚಿನ ತೂತಿಗೆ ಇಂದು ನಾವು ಹಾಕುವ ತೇಪೆಯ ಹಿಂದಿರುವುದು ಅದೇ ವಿಚಾರ.

1975ರಲ್ಲಿ ಕೆನ್ ವರ್ಸ್‌ಪ್ರಿಲ್ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ರೂಪಿಸಿದ ನರ್ಬ್ಸ್ ಎಂಬ ವಕ್ರ ಮೇಲ್ಮೈಗಳ ಗಣಿತ ಪದ್ಧತಿ ಮುಂದೆ ಉದ್ಯಮದ ಸಾಮಾನ್ಯ ಭಾಷೆಯಾಯಿತು. ತೊಡಕು ಬಂದದ್ದು ಟ್ರಿಮ್ಮಿಂಗ್‌ನಲ್ಲಿ. ಒಂದು ಮೇಲ್ಮೈ ಇನ್ನೊಂದನ್ನು ಕಡಿಯುವ ಗೆರೆಯವರೆಗೆ ಎರಡನ್ನೂ ಕತ್ತರಿಸಬೇಕು. ಎರಡು ಸಾಧಾರಣ ಬೈಕ್ಯೂಬಿಕ್ (ಎರಡೂ ದಿಕ್ಕಿನಲ್ಲಿ ಮೂರನೇ ಘಾತದ) ಮೇಲ್ಮೈಗಳು ಛೇದಿಸುವ ಗೆರೆಯ ಘಾತ 324ರವರೆಗೆ ಹೋಗುತ್ತದೆ. ಅಷ್ಟು ದೊಡ್ಡ ಸಮೀಕರಣವನ್ನು ಯಾವ ತಂತ್ರಾಂಶವೂ ಹೊತ್ತು ತಿರುಗುವುದಿಲ್ಲ. ಅದರ ಬದಲು ಸರಳವಾದ ಅಂದಾಜು ಗೆರೆಯನ್ನು ಎರಡೂ ಮೇಲ್ಮೈಗಳ ಮೇಲೆ ಬೇರೆಬೇರೆಯಾಗಿ ಎಳೆಯುತ್ತದೆ. ಎರಡು ಅಂದಾಜುಗಳು ಕೂದಲೆಳೆಯಷ್ಟೂ ತಪ್ಪದೆ ಕೂಡುವುದು ಅಪರೂಪ. ಸಂದು ಹುಟ್ಟುವುದು ಅಲ್ಲೇ.

ಒಂದೇ ತಂತ್ರಾಂಶದೊಳಗೆ ಈ ವ್ಯತ್ಯಾಸ ಟಾಲರೆನ್ಸಿನ, ಅಂದರೆ ಒಪ್ಪಬಹುದಾದ ವ್ಯತ್ಯಾಸದ ಮಿತಿಯ, ಮರೆಯಲ್ಲಿರುತ್ತದೆ. ಕಡತ ಇನ್ನೊಂದು ತಂತ್ರಾಂಶಕ್ಕೆ ಹೋದಾಗ ಬಯಲಾಗುತ್ತದೆ, ಏಕೆಂದರೆ ಒಂದೊಂದು ತಂತ್ರಾಂಶದ ಅಳತೆಗೋಲು ಒಂದೊಂದು. ಪ್ಯಾರಾಸಾಲಿಡ್ ಎಂಬ ಮಾದರಿ ಎಂಜಿನ್ನಿನ ನಿಖರತೆ 0.00001 ಮಿ.ಮೀ.; ರೈನೊ ತಂತ್ರಾಂಶ ಬಳಸುವವರು ಅನೇಕರು 0.001 ಅಥವಾ 0.01 ಮಿ.ಮೀ. ಇಟ್ಟುಕೊಳ್ಳುತ್ತಾರೆ. ವಿನಿಮಯಕ್ಕಾಗಿ 1980ರಲ್ಲಿ ಬಂದ ಐಜಿಇಎಸ್ ಮಾನಕದ ಕಡತದಲ್ಲಿ ಬಹಳ ಸಲ ಬಿಡಿ ಮೇಲ್ಮೈಗಳಷ್ಟೇ ಇರುತ್ತಿದ್ದವು. ಯಾವುದರ ಅಂಚು ಯಾವುದಕ್ಕೆ ಸೇರಬೇಕೆಂಬ ಮಾಹಿತಿ ಇರುತ್ತಿರಲಿಲ್ಲ. 1994ರ ಸ್ಟೆಪ್ ಮಾನಕ ಆ ನಂಟನ್ನೂ ಸಾಗಿಸಿತು, ಟಾಲರೆನ್ಸಿನ ಜಗಳ ಮಾತ್ರ ಉಳಿಯಿತು. ಇಂಥ ಹೊಂದಾಣಿಕೆಯ ಕೊರತೆಯಿಂದ ಅಮೆರಿಕದ ವಾಹನೋದ್ಯಮದ ಪೂರೈಕೆ ಸರಪಳಿಗೆ ವರ್ಷಕ್ಕೆ ಕನಿಷ್ಠ 100 ಕೋಟಿ ಡಾಲರ್ ನಷ್ಟವೆಂದು ಅಲ್ಲಿನ ಮಾನಕ ಸಂಸ್ಥೆ ಎನ್ಐಎಸ್‌ಟಿಗಾಗಿ 1999ರಲ್ಲಿ ನಡೆದ ಅಧ್ಯಯನ ಅಂದಾಜಿಸಿತ್ತು.

ಹೀಗಾಗಿ 'ಹೀಲಿಂಗ್' ಎಂಬ ಸೌಲಭ್ಯ ಕ್ಯಾಡ್ ತಂತ್ರಾಂಶಗಳ ಭಾಗವೇ ಆಯಿತು. ಕೆಲಸದ ಕ್ರಮ ಹೀಗಿರುತ್ತದೆ. ಆಮದು ಮಾಡಿದ ಬ್ರಾಕೆಟ್ಟಿನಲ್ಲಿ ಮೊದಲು ನೇಕೆಡ್ ಎಡ್ಜ್‌ಗಳನ್ನು, ಅಂದರೆ ಜೊತೆಯಿಲ್ಲದ ಅಂಚುಗಳನ್ನು, ಬಣ್ಣ ಹಚ್ಚಿ ತೋರಿಸಲು ಹೇಳಬೇಕು. ಎರಡು ಅಂಚುಗಳ ಅಂತರ 0.02 ಮಿ.ಮೀ. ಇದೆ ಎನ್ನೋಣ. ಟಾಲರೆನ್ಸನ್ನು ಅದಕ್ಕಿಂತ ಹೆಚ್ಚಿಸಿದರೆ ಅಂಚುಗಳು ಹೊಲಿದುಕೊಳ್ಳುತ್ತವೆ, ಆದರೆ ಸಂದು ಮುಚ್ಚಿದ್ದು ಲೆಕ್ಕದಲ್ಲಿ ಮಾತ್ರ. ಎರಡೂ ಮೇಲ್ಮೈಗಳ ಟ್ರಿಮ್ ಬಿಚ್ಚಿ, ಹೊರಕ್ಕೆ ಚಾಚಿ, ಹೊಸದಾಗಿ ಛೇದಿಸಿ ಮತ್ತೆ ಟ್ರಿಮ್ ಮಾಡುವುದು ನಿಜವಾದ ದುರಸ್ತಿ. ನಡುವೆ ಎಳೆಯಂಥ ಸಪೂರ ಮುಖ ಸಿಕ್ಕಿಕೊಂಡಿದ್ದರೆ ಅದನ್ನು ಅಳಿಸಿ ಪಕ್ಕದವುಗಳನ್ನು ಕೂಡಿಸಬೇಕು. ಇಡೀ ಮುಖವೇ ಕಾಣೆಯಾಗಿದ್ದರೆ ಮಾತ್ರ ಹೊಸ ತೇಪೆ. ಅದೂ ನೆರೆಯ ಮೇಲ್ಮೈಗಳ ವಾಟಕ್ಕೆ ಹೊಂದಬೇಕು, ಇಲ್ಲವಾದರೆ ಬೆಳಕು ಬಿದ್ದಾಗ ಗೀರು ಕಾಣುತ್ತದೆ.

ಇತ್ತ 3ಡಿ ಮುದ್ರಣದ ಜೊತೆ 1987ರಲ್ಲಿ ಎಸ್‌ಟಿಎಲ್ ಎಂಬ ಕಡತರೂಪ ಬಂದು ಇನ್ನೊಂದು ಕವಲು ಒಡೆಯಿತು. ಇಲ್ಲಿರುವುದು ತ್ರಿಕೋನಗಳು ಮಾತ್ರ; ಪ್ರತಿ ಅಂಚನ್ನೂ ಎರಡೇ ತ್ರಿಕೋನ ಹಂಚಿಕೊಂಡಿರಬೇಕು. 1995ರಲ್ಲಿ ಬಾರೆಕೆಟ್ ಮತ್ತು ಶಾರಿರ್, 2003ರಲ್ಲಿ ಪೀಟರ್ ಲೀಪಾ ತೂತಿನ ಅಂಚು ಹಿಡಿದು ತ್ರಿಕೋನ ತುಂಬುವ ವಿಧಾನಗಳನ್ನು ಪ್ರಕಟಿಸಿದರು. ಮೈಕೆಲೆಂಜೆಲೊನ ಡೇವಿಡ್ ಶಿಲ್ಪವನ್ನು ಸ್ಟ್ಯಾನ್‌ಫರ್ಡ್ ತಂಡ ಸ್ಕ್ಯಾನ್ ಮಾಡಿದಾಗ ಲೇಸರ್ ತಲುಪದ ಮಡಿಕೆಗಳಲ್ಲಿ ಜಟಿಲ ತೂತುಗಳು ಉಳಿದವು. 2002ರಲ್ಲಿ ಅವರು ಅಂಚು ಹೊಲಿಯುವುದನ್ನೇ ಬಿಟ್ಟು, ಸುತ್ತಲಿನ ಜಾಗದಲ್ಲಿ ಒಳಗು-ಹೊರಗುಗಳ ಲೆಕ್ಕವನ್ನು ಹರಡಿಸಿ ಮೇಲ್ಮೈಯನ್ನು ಪಡೆದರು. ಇದರಿಂದ ಮುಚ್ಚಿದ ಮಾದರಿ ಖಂಡಿತ ಸಿಗುತ್ತದೆ, ಚೂಪಾದ ಅಂಚುಗಳು ಮೊಂಡಾಗುವ ಅಪಾಯವೂ ಇದೆ.

ಸಂದೇ ಹುಟ್ಟದಂತೆ ಮಾಡುವ ಯತ್ನಗಳೂ ನಡೆದಿವೆ. 2003ರಲ್ಲಿ ಸೆಡರ್‌ಬರ್ಗ್ ಮತ್ತು ಸಂಗಡಿಗರು ಟಿ-ಸ್ಪ್ಲೈನ್ ಎಂಬ ಹೊಸ ಬಗೆಯ ಮೇಲ್ಮೈಯನ್ನು ತಂದರು. 2008ರಲ್ಲಿ ಟ್ರಿಮ್ ಆದ ನರ್ಬ್ಸ್ ಮಾದರಿಯನ್ನು ಸಂದಿಲ್ಲದ ಒಂದೇ ಮೇಲ್ಮೈಯಾಗಿಸಿ ತೋರಿಸಿದರು. ಆದರೂ ಕಾರ್ಖಾನೆಗಳು ದಶಕಗಳಿಂದ ಕೂಡಿಟ್ಟ ಕಡತಗಳು ಬಹುಪಾಲು ಟ್ರಿಮ್ ಆದ ನರ್ಬ್ಸ್‌ನಲ್ಲೇ ಇರುವುದರಿಂದ ಹಳೆಯ ಪದ್ಧತಿ ಜಾಗ ಬಿಟ್ಟಿಲ್ಲ.

ಬೆಂಗಳೂರಿನ ವಿನ್ಯಾಸ ಸೇವಾ ಕಂಪನಿಗಳಿಗೆ ಹೊಸದಾಗಿ ಸೇರುವ ಎಂಜಿನಿಯರುಗಳ ಪಾಲಿಗೂ ಈ 'ಕ್ಲೀನಪ್' ಕೆಲಸ ಬರುತ್ತದೆ. ಅವರಿಗೊಂದು ಮಾತು: 'ಹೀಲ್ ಆಲ್' ಗುಂಡಿ ಸಂದನ್ನು ಗುರುತಿಸಬಲ್ಲದು, ವಿನ್ಯಾಸಕಾರನ ಉದ್ದೇಶವನ್ನಲ್ಲ. ಅದನ್ನು ಒತ್ತುವ ಮೊದಲು ಕಡತ ಯಾವ ತಂತ್ರಾಂಶದಿಂದ, ಯಾವ ಟಾಲರೆನ್ಸಿನಲ್ಲಿ ಬಂತೆಂದು ವಿಚಾರಿಸಿ, ಒತ್ತಿದ ಮೇಲೆ ಮೂಲ ಮೇಲ್ಮೈಯಿಂದ ಎಷ್ಟು ಸರಿದಿದೆಯೆಂದು ಅಳೆದು ನೋಡಿ.