ಪದ್ಮನಾಭಾಂಕಿತ ಮತ್ತು ಸ್ವಾತಿ ತಿರುನಾಳರ ಕರ್ತೃತ್ವ

ತಿರುವಾಂಕೂರಿನ ಅರಸು ಸ್ವಾತಿ ತಿರುನಾಳ್ ರಾಮವರ್ಮನು (1813–1846) ಕರ್ನಾಟಕ ಸಂಗೀತದ ಪ್ರಮುಖ ವಾಗ್ಗೇಯಕಾರರಲ್ಲಿ ಒಬ್ಬನು. ಸಂಸ್ಕೃತ, ಮಲಯಾಳಂ, ತೆಲುಗು, ಹಿಂದಿ ರಚನೆಗಳ ಜೊತೆಗೆ ಕೆಲವು ಕನ್ನಡ ರಚನೆಗಳೂ ಆತನ ಹೆಸರಿನಲ್ಲಿ ದೊರೆಯುತ್ತವೆ. ಆದರೆ ಕನ್ನಡ ಅಭ್ಯಾಸಿಗೆ ಆತನ ಮಹತ್ವವಿರುವುದು ಈ ಸಂಖ್ಯೆಯಲ್ಲಲ್ಲ. ಹರಿದಾಸ ಸಾಹಿತ್ಯದ ಅಧ್ಯಯನದಲ್ಲಿ ಮತ್ತೆ ಮತ್ತೆ ಎದುರಾಗುವ ಅಂಕಿತದ ಪ್ರಶ್ನೆ ಆತನ ಕೃತಿಗಳ ವಿಷಯದಲ್ಲಿ ಬೇರೊಂದು ನೆಲೆಯನ್ನು ಪಡೆಯುತ್ತದೆ.

ತಾಯಿ ಗೌರಿ ಲಕ್ಷ್ಮೀಬಾಯಿ 1815ರಲ್ಲಿ ತೀರಿಕೊಂಡಾಗ ಸ್ವಾತಿ ಎರಡು ವರ್ಷದ ಶಿಶು. ಚಿಕ್ಕಮ್ಮ ಗೌರಿ ಪಾರ್ವತೀಬಾಯಿ 1829ರವರೆಗೆ ರಾಜಪ್ರತಿನಿಧಿಯಾಗಿ ಆಳಿದಳು. ತಂಜಾವೂರಿನ ಸುಬ್ಬರಾವ್ ಬಾಲಕನಿಗೆ ಗುರುವಾಗಿದ್ದನು. ಪಟ್ಟವೇರಿದ ಮೇಲೆ ತಂಜಾವೂರು ಸಹೋದರರಲ್ಲಿ ಒಬ್ಬನಾದ ವಡಿವೇಲು, ಮರಾಠಿ ಹರಿಕಥಾ ವಿದ್ವಾಂಸ ಮೇರುಸ್ವಾಮಿ ಮೊದಲಾದವರು ತಿರುವನಂತಪುರದ ಆಸ್ಥಾನಕ್ಕೆ ಬಂದರು. ಕುಚೇಲೋಪಾಖ್ಯಾನ, ಅಜಾಮಿಳೋಪಾಖ್ಯಾನಗಳು ಹರಿಕಥೆಗೆಂದೇ ರಚಿತವಾದವು. ಆಳ್ವಿಕೆಯ ಕೊನೆಯ ವರ್ಷಗಳು ಬ್ರಿಟಿಷ್ ರೆಸಿಡೆಂಟ್ ಕಲನ್‌ನೊಂದಿಗಿನ ಘರ್ಷಣೆಯಲ್ಲಿ ಕಳೆದವು.

ಸ್ವಾತಿಯ ಅಂಕಿತ ಪದ್ಮನಾಭ. ಸರಸಿಜನಾಭ, ಪಂಕಜನಾಭ ಮುಂತಾದ ಪರ್ಯಾಯಗಳೂ ಉಂಟು. 1750ರಲ್ಲಿ ಮಾರ್ತಾಂಡವರ್ಮನು ರಾಜ್ಯವನ್ನೇ ಪದ್ಮನಾಭಸ್ವಾಮಿಗೆ ಅರ್ಪಿಸಿದ ಬಳಿಕ ಅರಸರು ‘ಪದ್ಮನಾಭದಾಸ’ರೆಂದು ಕರೆಸಿಕೊಂಡರು. ಪುರಂದರದಾಸರ ಅಂಕಿತದಲ್ಲಿಯೂ ಕವಿಯ ಸ್ವಂತ ಹೆಸರಿಲ್ಲ, ಇರುವುದು ಆರಾಧ್ಯದೈವದ ಹೆಸರು. ಆದರೆ ತಿರುವಾಂಕೂರಿನಲ್ಲಿ ಅದೇ ಹೆಸರು ಭಕ್ತಿಯ ಗುರುತಾಗಿರುವಂತೆ ರಾಜ್ಯಾಧಿಕಾರದ ಮುದ್ರೆಯೂ ಹೌದು.

ಹೀಗೆ ದೈವನಾಮವೇ ಅಂಕಿತವಾದಾಗ ಅದೊಂದರಿಂದಲೇ ಕರ್ತೃತ್ವ ಸಿದ್ಧವಾಗುವುದಿಲ್ಲ. ಒಂದೇ ದೈವವನ್ನು ಸ್ತುತಿಸುವ ಯಾರ ರಚನೆಯಲ್ಲಿಯೂ ಆ ಹೆಸರು ಬರಬಹುದು. 1980ರ ದಶಕದಲ್ಲಿ ವೀಣಾ ವಿದ್ವಾಂಸ ಎಸ್. ಬಾಲಚಂದರ್ ಸ್ವಾತಿಯ ಕರ್ತೃತ್ವವನ್ನೇ ಅಲ್ಲಗಳೆದಾಗ ತೀವ್ರ ವಿವಾದವೆದ್ದಿತು.

ಇಲ್ಲಿ ಮಾತು ಮತ್ತು ಧಾತುಗಳನ್ನು ಪ್ರತ್ಯೇಕಿಸಿ ನೋಡುವುದು ಅವಶ್ಯ. ಸಾಹಿತ್ಯದ ಕರ್ತೃತ್ವವನ್ನು ಲಿಖಿತ ಪಾಠಗಳ ಆಧಾರದಿಂದ ಪರಿಶೀಲಿಸಬೇಕು. ಸಂಗೀತದ ಸ್ಥಿತಿ ಬೇರೆ: ಅನೇಕ ಕೃತಿಗಳ ಮೂಲ ಧಾತು ಲುಪ್ತವಾಗಿತ್ತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದು ಚಾಮುಂಡೇಶ್ವರಿಯ ಮೇಲೆ 108 ಕನ್ನಡ ಕೃತಿಗಳನ್ನು ರಚಿಸಿದ ಮುತ್ತಯ್ಯ ಭಾಗವತರು (1877–1945), 1939ರಲ್ಲಿ ತಿರುವನಂತಪುರದಲ್ಲಿ ಆರಂಭವಾದ ಸಂಗೀತ ಶಾಲೆಯ ಮೊದಲ ಪ್ರಾಂಶುಪಾಲರಾಗಿ ಈ ಕೃತಿಗಳನ್ನು ಪ್ರಚಾರಕ್ಕೆ ತಂದರು. ಅವರ ಬಳಿಕ ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಆ ಕಾರ್ಯವನ್ನು ಮುಂದುವರಿಸಿದರು. ಆದುದರಿಂದ ಇಂದು ಕೇಳಿಬರುವ ಧಾತುವಿನಲ್ಲಿ 20ನೆಯ ಶತಮಾನದ ಪಾಲು ಗಣನೀಯ. ಅದನ್ನು ಆಧಾರವಾಗಿಟ್ಟು ಸಾಹಿತ್ಯದ ಕರ್ತೃತ್ವವನ್ನು ಸ್ಥಾಪಿಸುವುದೂ ನಿರಾಕರಿಸುವುದೂ ಶಾಸ್ತ್ರೀಯವಾಗಲಾರದು. ದಾಸರ ಪದಗಳಿಗೆ ರಾಗ ನಿರ್ದೇಶಿಸುವ ನಮ್ಮ ಸಂಪಾದಕರಿಗೂ ಈ ಎಚ್ಚರ ಅಗತ್ಯ.